ಬೈನರಿ ಲೈಬ್ರರಿ ಹಂಚಲು ಯಾವ ದಾರಿ? ಕೋನನ್, ವಿಸಿಪಿಕೆಜಿ, ಡೆಬ್, ವೀಲ್, ನ್ಯೂಗೆಟ್: ಒಂದು ಹೋಲಿಕೆ

ಪುಣೆಯ ಹಿಂಜವಡಿ, ಬಾಣೇರ್, ಖರಾಡಿ ಕಡೆ ಲೈಬ್ರರಿ ಮಾಡಿ ಮಾರುವ ಸಣ್ಣ ಕಂಪನಿಗಳು ಬೇಕಾದಷ್ಟಿವೆ. ಇವರು ಪೂರ್ತಿ ಆ್ಯಪ್ ಮಾಡುವುದಿಲ್ಲ. ಬೇರೆಯವರ ಸಾಫ್ಟ್‌ವೇರ್ ಒಳಗೆ ಕೂತು ಕೆಲಸ ಮಾಡುವ ಭಾಗವನ್ನು ಮಾಡುತ್ತಾರೆ. ವಾಹನದ ಕ್ಯಾನ್ ಬಸ್ ಓದುವುದು, ಬಾರ್‌ಕೋಡ್ ಗುರುತಿಸುವುದು, ಪಿಡಿಎಫ್‌ಗೆ ಡಿಜಿಟಲ್ ಸಹಿ ಹಾಕುವುದು, ಹೀಗೆ. ಸೋರ್ಸ್ ಕೋಡ್ ಗಿರಾಕಿಗೆ ಹೋಗುವುದಿಲ್ಲ, ಕಂಪೈಲ್ ಆದ ಫೈಲ್, ಅಂದರೆ ಬೈನರಿ, ಮಾತ್ರ ಹೋಗುತ್ತದೆ. ಬೆಳಗಾವಿ, ಹುಬ್ಬಳ್ಳಿ, ವಿಜಯಪುರದಲ್ಲಿ ಎಂಜಿನಿಯರಿಂಗ್ ಮುಗಿಸಿ ಬಂದ ನಮ್ಮ ಹುಡುಗ ಹುಡುಗಿಯರು ಇಂಥ ಟೀಮುಗಳಲ್ಲಿ ತುಂಬಾ ಜನ ಇದ್ದಾರೆ. ಬೆಳಗಾವಿಯವರಿಗೆ ಬೆಂಗಳೂರಿಗಿಂತ ಪುಣೆಯೇ ಹತ್ತಿರ, ಅಲ್ವಾ?

ಅವರಿಂದ ಪದೇ ಪದೇ ಬರುವ ಪ್ರಶ್ನೆ ಒಂದೇ. "ಜಿಪ್ ಕಳಿಸಿ ಕಳಿಸಿ ಸಾಕಾಗೇತ್ರಿ. ಕೋನನ್ ಹಿಡಿಯೂಣೋ, ವಿಸಿಪಿಕೆಜಿನೋ, ಇಲ್ಲಾ ಸುಮ್ನೆ ಡೆಬ್ ಮಾಡೂಣೋ?"

ಇವೆಲ್ಲ ಪ್ಯಾಕೇಜ್ ಮ್ಯಾನೇಜರ್‌ಗಳು ಅಥವಾ ಅವುಗಳ ಪ್ಯಾಕೇಜ್ ರೂಪಗಳು. ಪ್ಯಾಕೇಜ್ ಮ್ಯಾನೇಜರ್ ಅಂದರೆ ಲೈಬ್ರರಿಯನ್ನೂ ಅದಕ್ಕೆ ಬೇಕಾದದ್ದನ್ನೂ ತಂದು ಕೂರಿಸುವ ಉಪಕರಣ. ಈ ಪ್ರಶ್ನೆಗೆ ನೇರ ಉತ್ತರ ಕೊಡಬಹುದು, ಆದರೆ ಅದಕ್ಕೂ ಮೊದಲು ತೀರ್ಮಾನ ಆಗಬೇಕಾದದ್ದು ಬೇರೆ ಇದೆ. ನಿಮ್ಮ ಲೈಬ್ರರಿ ಒಂಟಿಯಾಗಿ ಇರುವುದಿಲ್ಲ. ಅದು ಬೇರೆ ಓಪನ್ ಸೋರ್ಸ್ ಲೈಬ್ರರಿಗಳ ಮೇಲೆ ನಿಂತಿರುತ್ತದೆ, ಅವೇ ಅದರ ಡಿಪೆಂಡೆನ್ಸಿಗಳು. ಅದರ ಕೆಳಗೆ ಓಪನ್‌ಎಸ್‌ಎಸ್‌ಎಲ್ ಇದೆ, ಜೆಡ್‌ಲಿಬ್ ಇದೆ, ಲಿಬ್‌ಕರ್ಲ್ ಇದೆ, ಬೂಸ್ಟ್ ಇದೆ. ನಾಳೆ ಅವುಗಳಲ್ಲಿ ಒಂದರಲ್ಲಿ ಸೆಕ್ಯುರಿಟಿ ತೂತು ಸಿಕ್ಕಿದರೆ ರಿಪೇರಿ ಯಾರು ಮಾಡಬೇಕು? ನೀವೋ, ಗಿರಾಕಿಯೋ, ಆಪರೇಟಿಂಗ್ ಸಿಸ್ಟಮ್ ಕೊಟ್ಟವರೋ? ಇದಕ್ಕೆ ಉತ್ತರ ಸಿಕ್ಕರೆ ಪ್ಯಾಕೇಜ್ ಮ್ಯಾನೇಜರ್ ಆಯ್ಕೆ ಮುಕ್ಕಾಲು ಭಾಗ ಮುಗಿದಂತೆ.

ಒಳಗೇ ಸೇರಿಸುವುದೋ, ಹೊರಗೆ ಬಿಡುವುದೋ

ದಾರಿ ಎರಡೇ. ಬುತ್ತಿ ಕಟ್ಟಿಕೊಂಡು ಹೋಗುವುದು, ಇಲ್ಲವೇ ಹೋದಲ್ಲಿ ಊಟ ಮಾಡುವುದು. ಮೊದಲನೆಯದರಲ್ಲಿ ಓಪನ್ ಸೋರ್ಸ್ ಡಿಪೆಂಡೆನ್ಸಿಗಳನ್ನೆಲ್ಲ ಸ್ಟ್ಯಾಟಿಕ್ ಲಿಂಕ್ ಮಾಡಿ ನಿಮ್ಮ ಫೈಲಿನೊಳಗೇ ಸೇರಿಸುತ್ತೀರಿ. ಎರಡನೆಯದರಲ್ಲಿ "ನನಗೆ ಇದು ಬೇಕು, ಈ ಆವೃತ್ತಿಯಿಂದ ಮೇಲೆ" ಎಂದು ಪ್ಯಾಕೇಜಿನಲ್ಲಿ ಬರೆದು, ತರುವ ಕೆಲಸವನ್ನು ಪ್ಯಾಕೇಜ್ ಮ್ಯಾನೇಜರಿಗೆ ಬಿಡುತ್ತೀರಿ.

ಸೇರಿಸಿದರೆ ಇನ್‌ಸ್ಟಾಲ್ ಮಾಡುವ ದಿನ ಸುಖ. ಗಿರಾಕಿಯ ಮಷೀನಿನಲ್ಲಿ ಏನಿದೆ, ಏನಿಲ್ಲ ಎಂಬ ಚಿಂತೆ ಇಲ್ಲ. ಕಷ್ಟ ಆಮೇಲೆ ಬರುತ್ತದೆ. 2023ರ ಸೆಪ್ಟೆಂಬರಿನಲ್ಲಿ ಲಿಬ್‌ವೆಬ್‌ಪಿ ಎಂಬ ಚಿತ್ರದ ಲೈಬ್ರರಿಯಲ್ಲಿ ದೊಡ್ಡ ತೂತು ಸಿಕ್ಕಿತು. ಲಿನಕ್ಸ್ ಹಂಚಿಕೆಗಳು (ಉಬುಂಟು, ಡೆಬಿಯನ್ ಥರದವು) ಒಂದು ಪ್ಯಾಕೇಜ್ ಬದಲಿಸಿದವು. ಆ ಸಿಸ್ಟಮ್ ಪ್ರತಿಯನ್ನೇ ಬಳಸುತ್ತಿದ್ದ ಪ್ರೋಗ್ರಾಮುಗಳೆಲ್ಲ ಅಷ್ಟಕ್ಕೇ ಸರಿಯಾದವು. ತಮ್ಮೊಳಗೆ ಅದರ ಪ್ರತಿ ಇಟ್ಟುಕೊಂಡಿದ್ದವರು ಮಾತ್ರ ಒಬ್ಬೊಬ್ಬರೇ ಹೊಸ ಬಿಡುಗಡೆ ಮಾಡಬೇಕಾಯಿತು. ಕ್ರೋಮ್, ಫೈರ್‌ಫಾಕ್ಸ್ ಮಾಡಿದವು. ಪೈಥಾನಿನ ಪಿಲ್ಲೋ ಕೂಡ ಅದೇ ತಿಂಗಳು 10.0.1 ಬಿಟ್ಟಿತು. ನಿಮ್ಮ ಟೀಮು ಆರು ಜನರದ್ದಾಗಿದ್ದು, ಬಿಲ್ಡ್ ಮಾಡುವವರು ಗಣಪತಿ ಹಬ್ಬಕ್ಕೆ ಊರಿಗೆ ಹೋಗಿದ್ದರೆ? ಸೇರಿಸುವವರು ಈ ಪ್ರಶ್ನೆಗೆ ಮೊದಲೇ ಉತ್ತರ ಇಟ್ಟುಕೊಂಡಿರಬೇಕು.

ಹಾಗಂತ ಎಲ್ಲವನ್ನೂ ಹೊರಗೆ ಬಿಡಿ ಎಂದು ನಾನು ಹೇಳುವುದಿಲ್ಲ. ಇಲ್ಲಿ ನೋಡಬೇಕಾದದ್ದು ಎಬಿಐ, ಅಂದರೆ ಕಂಪೈಲ್ ಆದ ಮೇಲೆ ಎರಡು ಲೈಬ್ರರಿಗಳು ಒಂದನ್ನೊಂದು ಕರೆಯುವ ಒಪ್ಪಂದ. ಕೆಲವು ಲೈಬ್ರರಿಗಳು ಈ ಒಪ್ಪಂದವನ್ನು ಬಹಳ ಗಟ್ಟಿಯಾಗಿ ಉಳಿಸಿಕೊಂಡು ಬಂದಿವೆ. ಲಿಬ್‌ಕರ್ಲ್ 2006ರಲ್ಲಿ ನಾಲ್ಕನೇ ಎಬಿಐ ಸಂಖ್ಯೆಗೆ ಬಂತು, ಇವತ್ತಿಗೂ ಅಲ್ಲೇ ಇದೆ. ಜೆಡ್‌ಲಿಬ್ ಇನ್ನೂ ಒಂದರಲ್ಲೇ ಇದೆ. ಓಪನ್‌ಎಸ್‌ಎಸ್‌ಎಲ್ 3.0 2021ರಲ್ಲಿ ಬಂದಾಗ, 3ರ ಸಾಲಿನೊಳಗೆ ಎಬಿಐ ಒಡೆಯುವುದಿಲ್ಲ ಎಂದು ಮಾತು ಕೊಟ್ಟಿದೆ. ಇವೆಲ್ಲ ಸಿ ಭಾಷೆಯ ಇಂಟರ್‌ಫೇಸ್ ಇರುವವು. ಇವನ್ನು ಧೈರ್ಯವಾಗಿ ಹೊರಗೆ ಬಿಡಬಹುದು.

ಸಿ++ ಲೈಬ್ರರಿಗಳ ಕಥೆ ಬೇರೆ. ಬೂಸ್ಟ್ ಪ್ರತಿ ಬಿಡುಗಡೆಗೂ ಎಬಿಐ ಬದಲಿಸಬಹುದು. ಅದಕ್ಕೇ ಲಿನಕ್ಸಿನಲ್ಲಿ ಅದರ ಫೈಲ್ ಹೆಸರಿನಲ್ಲೇ ಪೂರ್ತಿ ಆವೃತ್ತಿ ಸಂಖ್ಯೆ ಇರುತ್ತದೆ. ಆಬ್ಸೀಲ್ ಮಾಡಿದವರು ಎಬಿಐ ಬಗ್ಗೆ ಭರವಸೆಯೇ ಕೊಡುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದಾರೆ. ಪ್ರೋಟೊಬಫ್‌ನಲ್ಲಿ ಜನರೇಟ್ ಆದ ಕೋಡ್ ಮತ್ತು ರನ್‌ಟೈಮ್ ಆವೃತ್ತಿ ಹೊಂದಲೇಬೇಕು. ಇವನ್ನು ಹೊರಗೆ ಬಿಟ್ಟರೆ ನೀವು ಕಂಪೈಲ್ ಮಾಡಿದ್ದು ಒಂದು, ಗಿರಾಕಿಯ ಹತ್ತಿರ ಇರುವುದು ಇನ್ನೊಂದು. ಲಿಂಕ್ ಆಗದಿದ್ದರೆ ಅದೃಷ್ಟ. ಲಿಂಕ್ ಆಗಿ ಮೂರು ತಿಂಗಳ ನಂತರ ಕ್ರ್ಯಾಶ್ ಆದರೆ ಹುಡುಕುವುದು ಬಹಳ ಕಷ್ಟ.

ಹಾಗಾಗಿ ನನ್ನ ನಿಯಮ ಇಷ್ಟು: ಎಬಿಐ ಗಟ್ಟಿ ಇರುವ ಸಿ ಲೈಬ್ರರಿ ಹೊರಗೆ. ಎಬಿಐ ಅಲ್ಲಾಡುವ ಸಿ++ ಲೈಬ್ರರಿ ಒಳಗೆ, ಅದೂ ಬಚ್ಚಿಟ್ಟು.

ಬಚ್ಚಿಡುವುದರಲ್ಲಿ ಒಂದು ಸೂಕ್ಷ್ಮ ಇದೆ, ತುಂಬಾ ಜನರಿಗೆ ಇದು ಗೊತ್ತಿರುವುದಿಲ್ಲ. ಲಿನಕ್ಸಿನಲ್ಲಿ ಒಂದೇ ಹೆಸರಿನ ಎರಡು ಸಿಂಬಲ್ (ಫಂಕ್ಷನ್ ಅಥವಾ ವೇರಿಯಬಲ್) ಇದ್ದರೆ ಮೊದಲು ಲೋಡ್ ಆದದ್ದೇ ಗೆಲ್ಲುತ್ತದೆ. ನಿಮ್ಮೊಳಗಿನ ಬೂಸ್ಟ್, ಗಿರಾಕಿಯ ಬೂಸ್ಟ್ ಎರಡೂ ಹೊರಗೆ ಕಾಣುತ್ತಿದ್ದರೆ ಒಂದರ ಕರೆ ಇನ್ನೊಂದಕ್ಕೆ ಹೋಗುತ್ತದೆ. ಇದನ್ನು ತಡೆಯಲು ವಿಸಿಬಿಲಿಟಿಯನ್ನು ಹಿಡನ್ ಎಂದು ಇಟ್ಟು ಕಂಪೈಲ್ ಮಾಡಿದರೆ ಸಾಕು ಎಂದುಕೊಳ್ಳುತ್ತಾರೆ. ಆ ಆಯ್ಕೆ ನಿಮ್ಮ ಫೈಲುಗಳಿಗೆ ಮಾತ್ರ ಅನ್ವಯಿಸುತ್ತದೆ. ಮೊದಲೇ ಕಂಪೈಲ್ ಆಗಿ ಬಂದ ಸ್ಟ್ಯಾಟಿಕ್ ಲೈಬ್ರರಿಯ ಸಿಂಬಲ್‌ಗಳು ಹೊರಗೆ ಕಾಣುತ್ತಲೇ ಇರುತ್ತವೆ. ಲಿಂಕರ್‌ಗೆ ಎಕ್ಸ್‌ಕ್ಲೂಡ್-ಲಿಬ್ಸ್ ಆಯ್ಕೆ ಕೊಡಬೇಕು. ಇಲ್ಲವೇ ವರ್ಷನ್ ಸ್ಕ್ರಿಪ್ಟ್ ಬರೆದು, ನಿಮ್ಮ ಫಂಕ್ಷನ್‌ಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಲೋಕಲ್ ಮಾಡಬೇಕು. ಎರಡನೆಯದು ಜಾಸ್ತಿ ನಂಬಿಕೆಯದು.

ಇನ್ನೊಂದು ಮಾತು. ಸ್ಟ್ಯಾಟಿಕ್ ಆರ್ಕೈವ್ ಅನ್ನೇ ಉತ್ಪನ್ನವಾಗಿ ಕೊಡಬೇಡಿ. ಅದರಲ್ಲಿ ಏನೂ ಬಚ್ಚಿಡಲು ಆಗುವುದಿಲ್ಲ, ಕಂಪೈಲರ್ ಆವೃತ್ತಿಗೂ ಅಂಟಿಕೊಂಡಿರುತ್ತದೆ. ಶೇರ್ಡ್ ಲೈಬ್ರರಿ ಕೊಡಿ, ಅಂದರೆ ಪ್ರೋಗ್ರಾಮ್ ಓಡುವಾಗ ಲೋಡ್ ಆಗುವ ಬೇರೆ ಫೈಲ್. ಹೊರಗಿನ ಮುಖ ಸಿ ಇಂಟರ್‌ಫೇಸ್ ಇರಲಿ. ಸಿ++ ಸುಖ ಬೇಕಾದವರಿಗೆ ಮೇಲೊಂದು ಹೆಡರ್ ಫೈಲ್ ಕೊಟ್ಟರೆ ಆಯಿತು.

ಲೈಸೆನ್ಸ್: ಇಲ್ಲಿ ರಿಯಾಯಿತಿ ಇಲ್ಲ

ತಾಂತ್ರಿಕವಾಗಿ ಒಳಗೆ ಸೇರಿಸಲು ಆದರೂ ಕೆಲವನ್ನು ಸೇರಿಸಲು ಲೈಸೆನ್ಸ್ ಬಿಡುವುದಿಲ್ಲ. ಎಫ್‌ಎಫ್‌ಎಂಪೆಗ್ ಎಂಬ ವಿಡಿಯೋ, ಆಡಿಯೋ ಲೈಬ್ರರಿ ಇದಕ್ಕೆ ಒಳ್ಳೆಯ ಉದಾಹರಣೆ. ಮಾಮೂಲಿ ಬಿಲ್ಡ್ ಎಲ್‌ಜಿಪಿಎಲ್ 2.1. ಎಕ್ಸ್264 ಎಂಬ ವಿಡಿಯೋ ಎನ್‌ಕೋಡರ್ ಬೇಕೆಂದು ಜಿಪಿಎಲ್ ಆಯ್ಕೆ ಆನ್ ಮಾಡಿದರೆ ಇಡೀ ಬಿಲ್ಡ್ ಜಿಪಿಎಲ್ ಆಗುತ್ತದೆ, ಅಂದರೆ ಅದರ ಜೊತೆ ಸೇರಿಸಿ ಹಂಚುವ ನಿಮ್ಮ ಕೋಡಿನ ಸೋರ್ಸನ್ನೂ ಕೊಡಬೇಕಾಗುತ್ತದೆ. ನಾನ್‌ಫ್ರೀ ಆಯ್ಕೆ ಆನ್ ಮಾಡಿದರೆ ಆ ಬೈನರಿಯನ್ನು ಯಾರಿಗೂ ಹಂಚುವಂತೆಯೇ ಇಲ್ಲ. ಒಂದೇ ಸೋರ್ಸ್, ಮೂರು ಹಣೆಬರಹ.

ಎಲ್‌ಜಿಪಿಎಲ್ 2.1ರ ಆರನೇ ಕಲಮಿನ ಪ್ರಕಾರ, ಗಿರಾಕಿ ಆ ಲೈಬ್ರರಿಯ ತನ್ನದೇ ತಿದ್ದಿದ ಪ್ರತಿಯನ್ನು ನಿಮ್ಮ ಸಾಫ್ಟ್‌ವೇರಿನ ಜೊತೆ ಬಳಸಲು ಸಾಧ್ಯವಾಗಬೇಕು. ಶೇರ್ಡ್ ಲೈಬ್ರರಿಯಾಗಿ ಹೊರಗೆ ಇಟ್ಟರೆ ಇದು ಸಲೀಸು. ಸ್ಟ್ಯಾಟಿಕ್ ಲಿಂಕ್ ಮಾಡಿದರೆ ನಿಮ್ಮ ಆಬ್ಜೆಕ್ಟ್ ಫೈಲುಗಳನ್ನೂ ಕೊಡಬೇಕಾಗುತ್ತದೆ. ಯಾವ ಕಂಪನಿ ಒಪ್ಪುತ್ತದೆ? ಅದೇ ಕಲಮಿನಲ್ಲಿ ಇನ್ನೊಂದು ಷರತ್ತಿದೆ. ಹಾಗೆ ತಿದ್ದಿದ ಪ್ರತಿಯ ದೋಷ ಹುಡುಕಲು ರಿವರ್ಸ್ ಎಂಜಿನಿಯರಿಂಗ್‌ಗೆ ನಿಮ್ಮ ಕರಾರು ಅವಕಾಶ ಕೊಡಬೇಕು. ನಮ್ಮ ಬಹುತೇಕ ಕರಾರುಗಳಲ್ಲಿ "ರಿವರ್ಸ್ ಎಂಜಿನಿಯರಿಂಗ್ ನಿಷೇಧ" ಎಂದು ಮಾಮೂಲಿ ಸಾಲು ಇರುತ್ತದೆ. ವಕೀಲರಿಗೆ ಹೇಳಿ ಆ ಸಾಲನ್ನು ಸರಿ ಮಾಡಿಸಿ.

ಜಿಪಿಎಲ್ ಇದ್ದರೆ ಮುಚ್ಚಿದ ಕೋಡಿನ ಜೊತೆ ಹಂಚುವ ಮಾತೇ ಬೇಡ, ಬದಲಿ ಹುಡುಕಿ. ರೀಡ್‌ಲೈನ್ ಬದಲು ಲಿಬ್‌ಎಡಿಟ್ ಇದೆ. ಪಾಪ್ಲರ್ ಬದಲು ಪಿಡಿಎಫಿಯಂ ಇದೆ. ಎಂಐಟಿ, ಬಿಎಸ್‌ಡಿ ಲೈಸೆನ್ಸ್‌ಗಳು ಸುಲಭ, ಆದರೆ ಕಾಪಿರೈಟ್ ಸಾಲುಗಳನ್ನು ಬೈನರಿ ಜೊತೆ ಕೊಡಲೇಬೇಕು. ಅಪಾಚೆ 2.0ಕ್ಕೆ ನೋಟಿಸ್ ಫೈಲ್ ಇದ್ದರೆ ಅದನ್ನೂ ಸೇರಿಸಬೇಕು. ಬೂಸ್ಟ್ ಲೈಸೆನ್ಸ್ ಮಾತ್ರ ಬರೀ ಬೈನರಿ ಹಂಚುವಾಗ ಈ ಷರತ್ತು ಹಾಕುವುದಿಲ್ಲ. ಜಿಸಿಸಿ ಕಂಪೈಲರಿನ ಸಿ++ ರನ್‌ಟೈಮ್ ಜಿಪಿಎಲ್ ಆದರೂ ಅದಕ್ಕೆ ರನ್‌ಟೈಮ್ ವಿನಾಯಿತಿ ಇದೆ, ಹಾಗಾಗಿ ಅದನ್ನು ಸ್ಟ್ಯಾಟಿಕ್ ಲಿಂಕ್ ಮಾಡಲು ಭಯ ಬೇಡ.

ಕೋನನ್

ಸಿ ಮತ್ತು ಸಿ++ ಬೈನರಿ ಹಂಚುವುದಕ್ಕೆ ನನ್ನ ಮೊದಲ ಆಯ್ಕೆ ಇದು. ಕಾರಣ, ಬೈನರಿ ಎಂದರೆ ಏನು ಎಂಬುದನ್ನು ಇದು ಅರ್ಥ ಮಾಡಿಕೊಂಡಿದೆ. ಆಪರೇಟಿಂಗ್ ಸಿಸ್ಟಮ್, ಪ್ರೊಸೆಸರ್, ಕಂಪೈಲರ್ ಮತ್ತು ಅದರ ಆವೃತ್ತಿ, ಸಿ++ ಲೈಬ್ರರಿ, ಡೀಬಗ್ ಅಥವಾ ರಿಲೀಸ್, ಜೊತೆಗೆ ಡಿಪೆಂಡೆನ್ಸಿಗಳ ಆವೃತ್ತಿ, ಎಲ್ಲವನ್ನೂ ಸೇರಿಸಿ ಒಂದು ಗುರುತಿನ ಸಂಖ್ಯೆ ಲೆಕ್ಕ ಹಾಕುತ್ತದೆ. ಗಿರಾಕಿಯ ಲೆಕ್ಕ ನಿಮ್ಮ ಲೆಕ್ಕಕ್ಕೆ ಹೊಂದಿದರೆ ಮಾತ್ರ ಆ ಬೈನರಿ ಇಳಿಯುತ್ತದೆ. ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ ಹೇಳುತ್ತದೆ. ತಪ್ಪು ಬೈನರಿ ಇಳಿದು ಆಮೇಲೆ ಕ್ರ್ಯಾಶ್ ಆಗುವುದಕ್ಕಿಂತ ಇದು ಎಷ್ಟೋ ವಾಸಿ.

2023ರ ಫೆಬ್ರವರಿಯಲ್ಲಿ ಬಂದ 2.0 ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನಿಮ್ಮ ಶೇರ್ಡ್ ಲೈಬ್ರರಿಯೊಳಗೆ ಒಂದು ಸ್ಟ್ಯಾಟಿಕ್ ಲೈಬ್ರರಿ ಸೇರಿಕೊಂಡಿದೆ ಎಂಬುದು ಅದಕ್ಕೆ ಗೊತ್ತಾಗುತ್ತದೆ. ಒಳಗಿನದು ಸ್ವಲ್ಪ ಬದಲಾದರೂ ನಿಮ್ಮದನ್ನು ಮತ್ತೆ ಬಿಲ್ಡ್ ಮಾಡಬೇಕು ಎನ್ನುತ್ತದೆ. ಹೊರಗೆ ಇರುವುದಾದರೆ ಸಣ್ಣ ಪ್ಯಾಚ್ ಬದಲಾವಣೆಗೆ ಹಾಗೆ ಕೇಳುವುದಿಲ್ಲ. ಮೇಲೆ ಹೇಳಿದ ಒಳಗೆ-ಹೊರಗೆ ನಿಯಮವನ್ನು ಪಾಲಿಸುವವರಿಗೆ ಇದು ದೊಡ್ಡ ಸಹಾಯ.

ಸೋರ್ಸ್ ಕೊಡಬೇಕಾಗಿಲ್ಲ. ಪ್ಯಾಕೇಜ್ ಹೇಗೆ ಮಾಡಬೇಕೆಂದು ಹೇಳುವ ರೆಸಿಪಿ ಫೈಲ್ ಕಾಣುತ್ತದೆ, ಕೋಡ್ ಕಾಣುವುದಿಲ್ಲ. ಮೊದಲೇ ಬಿಲ್ಡ್ ಆಗಿರುವ ಫೈಲುಗಳನ್ನು ಎಕ್ಸ್‌ಪೋರ್ಟ್-ಪಿಕೆಜಿ ಎಂಬ ಕಮಾಂಡ್‌ನಿಂದ ಪ್ಯಾಕೇಜ್ ಮಾಡಬಹುದು. ಇಡಲು ಜಾಗ ಬೇಕಾದರೆ ಜೆಫ್ರಾಗ್ ಕಂಪನಿಯ ಆರ್ಟಿಫ್ಯಾಕ್ಟರಿಗೆ ಸಿ, ಸಿ++ಗೆಂದೇ ಉಚಿತ ಆವೃತ್ತಿ ಇದೆ.

ತೊಂದರೆ ಎಲ್ಲಿ? ಲೆಕ್ಕದಲ್ಲಿ. ಮೂರು ಕಂಪೈಲರ್ ಆವೃತ್ತಿ, ಡೀಬಗ್ ಮತ್ತು ರಿಲೀಸ್, ಇಂಟೆಲ್ ಮತ್ತು ಆರ್ಮ್ ಅಂದರೆ ಆಗಲೇ 12 ಬೈನರಿ. ಓಪನ್ ಸೋರ್ಸ್ ಪ್ಯಾಕೇಜ್ ಆದರೆ ಇಲ್ಲದ ಬೈನರಿಯನ್ನು ಗಿರಾಕಿಯೇ ಬಿಲ್ಡ್ ಮಾಡಿಕೊಳ್ಳುತ್ತಾನೆ. ನಿಮ್ಮದು ಮುಚ್ಚಿದ ಕೋಡ್, ಆ ದಾರಿ ಇಲ್ಲ. ಸಿ ಇಂಟರ್‌ಫೇಸ್ ಕೊಡಿ ಎಂದದ್ದು ಇದಕ್ಕೇ. ಹೊರಗಿನ ಮುಖ ಸಿ ಆಗಿದ್ದು, ಸಿ++ ರನ್‌ಟೈಮ್ ಒಳಗೇ ಬಚ್ಚಿಟ್ಟಿದ್ದರೆ, ಗುರುತಿನ ಲೆಕ್ಕದಿಂದ ಕಂಪೈಲರನ್ನೇ ತೆಗೆದುಹಾಕಲು ರೆಸಿಪಿಯಲ್ಲಿ ಒಂದು ಸಾಲು ಸಾಕು. ಡೀಬಗ್ ಬೈನರಿಯನ್ನೂ ಗಿರಾಕಿಗೆ ಕೊಡುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. 12 ಇದ್ದದ್ದು ಎರಡಕ್ಕೆ ಇಳಿಯುತ್ತದೆ.

ಪಿಂಪ್ರಿ, ಚಾಕಣದ ವಾಹನ ಕಂಪನಿಗಳಿಗೆ ಆರ್ಮ್ ಬೋರ್ಡುಗಳ ಮೇಲೆ ಓಡುವ ಲೈಬ್ರರಿ ಕೊಡುವವರು ಬೇರೆ ಏನನ್ನೂ ನೋಡದೆ ಇದನ್ನೇ ಹಿಡಿಯಬಹುದು. ಒಂದು ಬಗೆಯ ಮಷೀನಿನಲ್ಲಿ ಇನ್ನೊಂದು ಬಗೆಯದಕ್ಕೆ ಬಿಲ್ಡ್ ಮಾಡುವ ಕ್ರಾಸ್ ಕಂಪೈಲ್‌ಗೆ ಬಿಲ್ಡ್ ಪ್ರೊಫೈಲ್ ಬೇರೆ, ಹೋಸ್ಟ್ ಪ್ರೊಫೈಲ್ ಬೇರೆ ಎಂದು ಇದರಲ್ಲಿ ಸ್ಪಷ್ಟವಾಗಿ ಇದೆ. ಇಂಟರ್ನೆಟ್ ಇಲ್ಲದ ಲ್ಯಾಬಿಗೆ ಕೊಡಬೇಕಾದರೂ ಕಷ್ಟವಿಲ್ಲ. ಕ್ಯಾಶ್ ಸೇವ್ ಕಮಾಂಡ್ ಬೇಕಾದ ಪ್ಯಾಕೇಜುಗಳನ್ನೆಲ್ಲ ಒಂದೇ ಫೈಲ್ ಮಾಡಿ ಕೊಡುತ್ತದೆ.

ವಿಸಿಪಿಕೆಜಿ

ಮೈಕ್ರೋಸಾಫ್ಟ್ 2016ರಲ್ಲಿ ಬಿಟ್ಟ ಈ ಮ್ಯಾನೇಜರ್ ಬಳಸಲು ಬಹಳ ಸಲೀಸು. ವಿಷುವಲ್ ಸ್ಟುಡಿಯೋ ಬಳಸುವವರಿಗಂತೂ ಮನೆಯದ್ದೇ. ಆದರೆ ಇದರ ಮೂಲ ಯೋಚನೆ ಬೇರೆ. ಎಲ್ಲವನ್ನೂ ಗಿರಾಕಿಯ ಮಷೀನಿನಲ್ಲೇ ಸೋರ್ಸ್‌ನಿಂದ ಬಿಲ್ಡ್ ಮಾಡುವುದು ಅದರ ಪದ್ಧತಿ. ಎಲ್ಲವೂ ಒಂದೇ ಕಂಪೈಲರಿನಲ್ಲಿ, ಒಂದೇ ಸೆಟ್ಟಿಂಗಿನಲ್ಲಿ ತಯಾರಾಗುತ್ತವೆ. ಹಾಗಾಗಿ ಎಬಿಐ ಜಗಳವೇ ಬರುವುದಿಲ್ಲ.

ಮುಚ್ಚಿದ ಬೈನರಿ ಈ ಪಂಕ್ತಿಯಲ್ಲಿ ಹೊರಗಿನ ಅತಿಥಿ. ಕೂರಿಸಲು ದಾರಿ ಇದೆ. ನಿಮ್ಮದೇ ಖಾಸಗಿ ರಿಜಿಸ್ಟ್ರಿ ಮಾಡಿ, ಇಲ್ಲಿನ ರೆಸಿಪಿಯಾದ ಪೋರ್ಟ್‌ಫೈಲಿನಲ್ಲಿ "ಈ ವಿಳಾಸದಿಂದ ಜಿಪ್ ಇಳಿಸು, ಎಸ್‌ಎಚ್‌ಎ512 ಹೊಂದುತ್ತದಾ ನೋಡು, ಫೈಲುಗಳನ್ನು ಜಾಗಕ್ಕೆ ಹಾಕು" ಎಂದು ಬರೆಯಬಹುದು. ಓಪನ್‌ಎಸ್‌ಎಸ್‌ಎಲ್ ಬೇಕು ಎಂದು ಮ್ಯಾನಿಫೆಸ್ಟಿನಲ್ಲಿ ಹಾಕಿದರೆ ಅದನ್ನು ಗಿರಾಕಿಯ ಬೇಸ್‌ಲೈನ್ (ಆವೃತ್ತಿಗಳ ಪಟ್ಟಿ) ಹೇಳುವ ಆವೃತ್ತಿಯಲ್ಲಿ ಬಿಲ್ಡ್ ಮಾಡುತ್ತದೆ. ಅಪಾಯ ಇಲ್ಲೇ ಇರುವುದು. ಒಂದು ಪ್ರಾಜೆಕ್ಟಿನಲ್ಲಿ ಒಂದು ಲೈಬ್ರರಿಗೆ ಒಂದೇ ಆವೃತ್ತಿ, ಅದನ್ನು ಆರಿಸುವುದು ಗಿರಾಕಿ. ನಿಮ್ಮ ಬೈನರಿ ಅದಕ್ಕೆ ಹೊಂದುತ್ತದೋ ಇಲ್ಲವೋ ಎಂದು ಯಾರೂ ಪರೀಕ್ಷೆ ಮಾಡುವುದಿಲ್ಲ. ಬೂಸ್ಟ್ ಹೊರಗೆ ಬಿಟ್ಟಿದ್ದರೆ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.

ಟ್ರಿಪ್ಲೆಟ್ ಕೂಡ ಗಮನಿಸಿ, ಅಂದರೆ ಯಾವ ಸಿಸ್ಟಮ್‌ಗೆ ಹೇಗೆ ಬಿಲ್ಡ್ ಮಾಡಬೇಕು ಎಂಬ ಸೆಟ್ಟಿಂಗ್. ವಿಂಡೋಸ್‌ನ ಮಾಮೂಲಿ ಟ್ರಿಪ್ಲೆಟ್ ಡಿಎಲ್‌ಎಲ್ (ಅಲ್ಲಿನ ಶೇರ್ಡ್ ಲೈಬ್ರರಿ) ಮಾಡುತ್ತದೆ, ಲಿನಕ್ಸಿನದು ಸ್ಟ್ಯಾಟಿಕ್ ಲೈಬ್ರರಿ ಮಾಡುತ್ತದೆ. ನಿಮ್ಮ ಶೇರ್ಡ್ ಲೈಬ್ರರಿ ಹೊರಗಿನ ಶೇರ್ಡ್ ಓಪನ್‌ಎಸ್‌ಎಸ್‌ಎಲ್ ಕೇಳುತ್ತಿದ್ದರೆ ಲಿನಕ್ಸ್ ಗಿರಾಕಿಯ ಹತ್ತಿರ ಅದು ಇರುವುದೇ ಇಲ್ಲ.

ಗಿರಾಕಿ ಆಗಲೇ ವಿಸಿಪಿಕೆಜಿ ಬಳಸುತ್ತಿದ್ದು, ನಿಮ್ಮ ಬೈನರಿಯಲ್ಲಿ ಎಲ್ಲವೂ ಒಳಗೇ ಬಚ್ಚಿಟ್ಟಿದ್ದರೆ ಇದು ಚೆನ್ನಾಗಿ ನಡೆಯುತ್ತದೆ. ಇಲ್ಲದಿದ್ದರೆ ನಾನು ಇದನ್ನು ಆರಿಸುವುದಿಲ್ಲ. ಒಂದು ಗುಣ ಮಾತ್ರ ಎಲ್ಲರೂ ಕಲಿಯಬೇಕಾದದ್ದು: ಪ್ರತಿ ಪೋರ್ಟ್ ತನ್ನ ಲೈಸೆನ್ಸ್ ಪಠ್ಯವನ್ನು ಕಾಪಿರೈಟ್ ಎಂಬ ಫೈಲಿನಲ್ಲಿ ಗೊತ್ತಾದ ಜಾಗದಲ್ಲಿ ಇಡುತ್ತದೆ. ಅವನ್ನೆಲ್ಲ ಒಟ್ಟು ಮಾಡುವುದು ಚಿಟಿಕೆ ಹೊಡೆಯುವಷ್ಟರಲ್ಲಿ ಆಗುತ್ತದೆ.

ಡೆಬ್ ಮತ್ತು ಆರ್‌ಪಿಎಂ

ಮುಂಬೈ ಗಿರಾಕಿಗಳಿಗೆ, ಅಂದರೆ ಬ್ಯಾಂಕು, ಷೇರು ಬ್ರೋಕರುಗಳಿಗೆ ಕೊಡುವವರು ಈ ಭಾಗ ನಿಧಾನವಾಗಿ ಓದಿ.

ಡೆಬ್ ಉಬುಂಟು, ಡೆಬಿಯನ್‌ನ ಪ್ಯಾಕೇಜ್ ರೂಪ, ಆರ್‌ಪಿಎಂ ರೆಡ್ ಹ್ಯಾಟ್‌ನದು. ಇಲ್ಲಿ ನಿಮ್ಮ ಬೈನರಿ ಸಿಸ್ಟಮ್ ಲೈಬ್ರರಿಗಳ ಮೇಲೆ ನಿಲ್ಲುತ್ತದೆ. ರಿಪೇರಿ ಕೆಲಸವನ್ನು ಉಬುಂಟು ಅಥವಾ ರೆಡ್ ಹ್ಯಾಟ್ ಮಾಡುತ್ತದೆ. ಇದರ ಬೆಲೆ ಎಷ್ಟು ಎಂದು ಒಂದು ಉದಾಹರಣೆಯಿಂದ ಗೊತ್ತಾಗುತ್ತದೆ. ಓಪನ್‌ಎಸ್‌ಎಸ್‌ಎಲ್ 1.1.1ಕ್ಕೆ ಮೂಲ ಪ್ರಾಜೆಕ್ಟಿನ ಉಚಿತ ಬೆಂಬಲ 2023ರ ಸೆಪ್ಟೆಂಬರ್ 11ಕ್ಕೆ ಮುಗಿಯಿತು. ಅದನ್ನು ಒಳಗೆ ಸೇರಿಸಿಕೊಂಡವರು ಅವತ್ತಿನಿಂದ ಅನಾಥರು. ಆದರೆ ರೆಡ್ ಹ್ಯಾಟ್ 8ರಲ್ಲಿ ಇರುವುದೂ 1.1.1ರ ಸಾಲೇ. ಅಲ್ಲಿ ರೆಡ್ ಹ್ಯಾಟ್ ತಾನೇ ಸೆಕ್ಯುರಿಟಿ ತಿದ್ದುಪಡಿಗಳನ್ನು ಹಿಂದಿನ ಆವೃತ್ತಿಗೆ ತಂದು ಹಾಕುತ್ತದೆ. ಹೊರಗೆ ಬಿಟ್ಟವರಿಗೆ ಈ ಕೆಲಸ ಪುಕ್ಕಟೆ ಸಿಗುತ್ತದೆ.

ಬೆಲೆಯನ್ನು ಬೇರೆ ರೀತಿ ತೆರಬೇಕು. ಪ್ರತಿ ಹಂಚಿಕೆಯ ಪ್ರತಿ ಆವೃತ್ತಿಗೂ ಬೇರೆ ಬಿಲ್ಡ್ ಮಾಡಬೇಕು. ಉಬುಂಟು 20.04ರಲ್ಲಿ ಓಪನ್‌ಎಸ್‌ಎಸ್‌ಎಲ್ 1.1, 22.04ರಲ್ಲಿ 3.0. ಹಳೆಯದನ್ನು 22.04ರಿಂದ ತೆಗೆದೇ ಬಿಟ್ಟರು. 1.1 ಬೇಕು ಎಂದಿದ್ದ ಹೊರಗಿನ ಪ್ಯಾಕೇಜುಗಳು ಇನ್‌ಸ್ಟಾಲ್ ಆಗಲಿಲ್ಲ. ರೆಡ್ ಹ್ಯಾಟ್ 8ರಿಂದ 9ಕ್ಕೆ ಹೋಗುವಾಗಲೂ ಇದೇ ಜಿಗಿತ ಇದೆ. ಲಿನಕ್ಸಿನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿಯ ವಿಷಯವೂ ಹಾಗೆ. ಹಳೆಯ ಜಿಲಿಬ್‌ಸಿ ಮೇಲೆ ಬಿಲ್ಡ್ ಮಾಡಿದ್ದು ಹೊಸದರ ಮೇಲೆ ಓಡುತ್ತದೆ, ಉಲ್ಟಾ ಆಗುವುದಿಲ್ಲ. ರೆಡ್ ಹ್ಯಾಟ್ 8ರಲ್ಲಿ 2.28, 9ರಲ್ಲಿ 2.34. ಯಾವಾಗಲೂ ಹಳೆಯದರ ಕಂಟೇನರಿನಲ್ಲಿ ಬಿಲ್ಡ್ ಮಾಡಿ.

ರಿಪಾಸಿಟರಿ ನಡೆಸಲು ಡೆಬ್‌ಗೆ ಆಪ್ಟ್ಲಿ, ರೆಪ್ರೆಪ್ರೋ ಎಂಬ ಉಪಕರಣಗಳಿವೆ. ಜಿಪಿಜಿ ಸಹಿ ಹಾಕಿ. ಸಹಿಯ ಕೀಯನ್ನು ಹಳೆಯ ಆಪ್ಟ್-ಕೀ ಕಮಾಂಡ್‌ನಿಂದ ಇಡೀ ಸಿಸ್ಟಮ್‌ಗೆ ಸೇರಿಸುವ ಸೂಚನೆ ಗಿರಾಕಿಗೆ ಕೊಡಬೇಡಿ, ನಿಮ್ಮ ರಿಪಾಸಿಟರಿಗೆ ಮಾತ್ರ ಕಟ್ಟಿಹಾಕುವ ಸೈನ್ಡ್-ಬೈ ಸಾಲು ಕೊಡಿ. ದೊಡ್ಡ ಸಂಸ್ಥೆಗಳಲ್ಲಿ ಆಗಲೇ ಒಳಗಿನ ಮಿರರ್ ಇರುತ್ತದೆ. ನಿಮ್ಮ ಪ್ಯಾಕೇಜ್ ಅದರೊಳಗೆ ಹೋದರೆ ಇಂಟರ್ನೆಟ್ ಇಲ್ಲದ ಸರ್ವರಿಗೂ ತಲುಪುತ್ತದೆ.

ಇನ್ನೊಂದು ಕಾರಣಕ್ಕೂ ಇಲ್ಲಿ ಲೆಕ್ಕ ಶುದ್ಧವಾಗಿರಬೇಕು. 2024ರ ಆಗಸ್ಟಿನಲ್ಲಿ ಸೆಬಿ ತನ್ನ ಸೈಬರ್ ಸುರಕ್ಷತಾ ಚೌಕಟ್ಟು ಹೊರಡಿಸಿತು. ಅದರಲ್ಲಿ ಎಸ್‌ಬಿಒಎಂ ಕೂಡ ಸೇರಿದೆ, ಅಂದರೆ ಸಾಫ್ಟ್‌ವೇರಿನೊಳಗೆ ಏನೇನಿದೆ ಎಂಬ ಪಟ್ಟಿ. ಅದೇ ವರ್ಷ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಕೂಡ ಇದರ ಬಗ್ಗೆ ಮಾರ್ಗಸೂಚಿ ಕೊಟ್ಟಿತು. ಬ್ರೋಕರ್ ತನ್ನ ಪಟ್ಟಿ ಮಾಡಬೇಕಾದರೆ ನಿಮ್ಮ ಪಟ್ಟಿ ಕೇಳುತ್ತಾನೆ. ಹೊರಗೆ ಬಿಟ್ಟ ಡಿಪೆಂಡೆನ್ಸಿಗಳು ಪ್ಯಾಕೇಜ್ ಮಾಹಿತಿಯಲ್ಲೇ ಇರುತ್ತವೆ. ಒಳಗೆ ಬಚ್ಚಿಟ್ಟವನ್ನು ಸ್ಕ್ಯಾನರ್ ಕಂಡುಹಿಡಿಯುತ್ತದೆ ಎಂಬ ಖಾತ್ರಿ ಇಲ್ಲ. ಎಸ್‌ಪಿಡಿಎಕ್ಸ್ ಅಥವಾ ಸೈಕ್ಲೋನ್‌ಡಿಎಕ್ಸ್ ರೂಪದಲ್ಲಿ ನೀವೇ ಬಿಲ್ಡ್ ಸಮಯದಲ್ಲಿ ಪಟ್ಟಿ ಮಾಡಿ ಪ್ಯಾಕೇಜಿನೊಳಗೆ ಇಡಿ. ಯುರೋಪಿಗೆ ಮಾರುವವರಿಗೂ ಇದು ಬೇಕು. ಅಲ್ಲಿನ ಸೈಬರ್ ರೆಸಿಲಿಯನ್ಸ್ ಕಾಯ್ದೆಯ ಮುಖ್ಯ ಷರತ್ತುಗಳು 2027ರ ಡಿಸೆಂಬರಿನಿಂದ ಜಾರಿಗೆ ಬರುತ್ತವೆ.

ಪೈಥಾನ್ ವೀಲ್

ವೀಲ್ ಎಂದರೆ ಪೈಥಾನಿನ ಬೈನರಿ ಪ್ಯಾಕೇಜ್ ರೂಪ. ಇಲ್ಲಿ ಆಯ್ಕೆ ನಿಮ್ಮ ಕೈಯಲ್ಲಿ ಇಲ್ಲ. ಲಿನಕ್ಸ್ ವೀಲ್‌ಗಳಿಗಿರುವ ಮೆನಿಲಿನಕ್ಸ್ ನಿಯಮದ ಪ್ರಕಾರ ವೀಲ್ ಕೆಲವೇ ಸಿಸ್ಟಮ್ ಲೈಬ್ರರಿಗಳನ್ನು ನಂಬಬಹುದು. ಓಪನ್‌ಎಸ್‌ಎಸ್‌ಎಲ್ ಆ ಪಟ್ಟಿಯಲ್ಲಿ ಇಲ್ಲ. ಒಳಗೆ ಸೇರಿಸಲೇಬೇಕು. ಆಡಿಟ್‌ವೀಲ್ ಎಂಬ ಉಪಕರಣ ಬೇಕಾದ ಶೇರ್ಡ್ ಲೈಬ್ರರಿಗಳನ್ನು ವೀಲ್ ಒಳಗೆ ತಂದು, ಹೆಸರಿಗೆ ಹ್ಯಾಶ್ ಸೇರಿಸಿ ಬದಲಿಸುತ್ತದೆ. ಎರಡು ವೀಲ್‌ಗಳ ಪ್ರತಿಗಳು ಹೆಸರಿನಲ್ಲಿ ಡಿಕ್ಕಿ ಹೊಡೆಯದಿರಲಿ ಎಂದು.

ಹೆಸರು ಬೇರೆ ಆದರೂ ಸಮಸ್ಯೆ ಪೂರ್ತಿ ಹೋಗುವುದಿಲ್ಲ. ಪೋಸ್ಟ್‌ಗ್ರೆಸ್‌ಗೆ ಸಂಪರ್ಕ ಕೊಡುವ ಸೈಕಾಪಿಜಿ2 ಇದಕ್ಕೆ ಸಾಕ್ಷಿ. ಅದರ ವೀಲ್ ಒಳಗಿನ ಎಸ್‌ಎಸ್‌ಎಲ್ ಮತ್ತು ಪೈಥಾನ್ ಬಳಸುವ ಸಿಸ್ಟಮ್ ಎಸ್‌ಎಸ್‌ಎಲ್ ಒಂದೇ ಪ್ರೊಸೆಸ್‌ನಲ್ಲಿ ಸೇರಿ ಕ್ರ್ಯಾಶ್ ಆಗುತ್ತಿತ್ತು. 2.8 ಆವೃತ್ತಿಯಿಂದ ಬೈನರಿ ವೀಲನ್ನು ಬೇರೆ ಹೆಸರಿನ ಪ್ಯಾಕೇಜ್ ಮಾಡಿ, ನಿಜವಾದ ಸರ್ವರಿನಲ್ಲಿ ಸೋರ್ಸ್‌ನಿಂದ ಬಿಲ್ಡ್ ಮಾಡಿದ್ದನ್ನು ಬಳಸಿ ಎಂದರು. ಇನ್ನೊಂದು ಕಡೆ ಕ್ರಿಪ್ಟೋಗ್ರಫಿ ಎಂಬ ಪ್ಯಾಕೇಜ್ ಓಪನ್‌ಎಸ್‌ಎಸ್‌ಎಲ್ ಅನ್ನು ಸ್ಟ್ಯಾಟಿಕ್ ಲಿಂಕ್ ಮಾಡಿ, ಅಲ್ಲಿ ತಿದ್ದುಪಡಿ ಬಂದಾಗಲೆಲ್ಲ ತಾನೂ ಹೊಸ ವೀಲ್ ಬಿಡುತ್ತದೆ. ಒಳಗೆ ಸೇರಿಸುವವರು ನಡೆದುಕೊಳ್ಳಬೇಕಾದದ್ದು ಹೀಗೆ.

ಪೈಥಾನ್ ಪ್ಯಾಕೇಜುಗಳ ಸಾರ್ವಜನಿಕ ಭಂಡಾರವಾದ ಪೈಪಿಐನಲ್ಲಿ ಒಂದು ಫೈಲಿಗೆ ಮಾಮೂಲಿ ಮಿತಿ 100 ಎಂಬಿ. ಒಮ್ಮೆ ಏರಿಸಿದ ಫೈಲಿನ ಹೆಸರನ್ನು ಮತ್ತೆ ಬಳಸಲು ಆಗುವುದಿಲ್ಲ. ತಪ್ಪು ಫೈಲ್ ಹೋದರೆ ಯಾಂಕ್ ಮಾಡಿ (ಹಿಂತೆಗೆದು), ಹೊಸ ಸಂಖ್ಯೆಯಲ್ಲಿ ಮತ್ತೆ ಬಿಡಬೇಕು.

ನ್ಯೂಗೆಟ್ ಮತ್ತು ಉಳಿದವು

ಗೋವಾದ ವೆರ್ಣಾ ಕೈಗಾರಿಕಾ ಪ್ರದೇಶದಲ್ಲಿ ಔಷಧ ಕಾರ್ಖಾನೆಗಳಿವೆ. ಇಂಥ ಕಡೆ ಲೇಬಲ್, ಬಾರ್‌ಕೋಡ್ ಪರೀಕ್ಷೆ ಮಾಡುವ ವಿಂಡೋಸ್ ಸಾಫ್ಟ್‌ವೇರನ್ನು ಡಾಟ್‌ನೆಟ್‌ನಲ್ಲಿ ಬರೆಯುವವರು ಜಾಸ್ತಿ. ಅವರಿಗೆ ಲೈಬ್ರರಿ ಕೊಡುವುದಾದರೆ ಡಾಟ್‌ನೆಟ್‌ನ ಪ್ಯಾಕೇಜ್ ಮ್ಯಾನೇಜರ್ ನ್ಯೂಗೆಟ್ ಬಿಟ್ಟು ಬೇರೆ ಯೋಚಿಸಬೇಕಾಗಿಲ್ಲ. ನೇಟಿವ್ ಡಿಎಲ್‌ಎಲ್‌ಗಳನ್ನು ರನ್‌ಟೈಮ್ಸ್ ಫೋಲ್ಡರಿನಲ್ಲಿ ಪ್ರೊಸೆಸರ್‌ಗೆ ತಕ್ಕಂತೆ ಇಟ್ಟರೆ ಸಾಕು. ಎಚ್ಚರ ಒಂದೇ: ಒಂದೇ ಹೆಸರಿನ ಡಿಎಲ್‌ಎಲ್ ಪ್ರೊಸೆಸ್‌ನಲ್ಲಿ ಆಗಲೇ ಲೋಡ್ ಆಗಿದ್ದರೆ ವಿಂಡೋಸ್ ಸಾಮಾನ್ಯವಾಗಿ ಅದನ್ನೇ ಮತ್ತೆ ಕೊಡುತ್ತದೆ. ಇನ್ನೊಬ್ಬರ ಪ್ಯಾಕೇಜಿನ ಓಪನ್‌ಎಸ್‌ಎಸ್‌ಎಲ್ ಡಿಎಲ್‌ಎಲ್ ಮೊದಲು ಬಂದರೆ ನಿಮಗೂ ಅದೇ ಸಿಗುತ್ತದೆ. ಹಾಗಾಗಿ ಇಲ್ಲಿ ಒಳಗೇ ಸೇರಿಸಿದ ಒಂದೇ ಡಿಎಲ್‌ಎಲ್ ಒಳ್ಳೆಯದು. ಎಲ್‌ಜಿಪಿಎಲ್ ಇದ್ದರೆ ಅದನ್ನು ಮಾತ್ರ ಬೇರೆ ಡಿಎಲ್‌ಎಲ್ ಆಗಿ ಇಡಿ.

ಜಾವಾದವರಿಗೆ ಮೇವನ್. ಡಿಪೆಂಡೆನ್ಸಿಯನ್ನು ಪೋಮ್ ಫೈಲಿನಲ್ಲಿ ಬರೆಯಿರಿ, ಜಾರ್ ಒಳಗೆ ಶೇಡ್ ಮಾಡಬೇಡಿ (ಬೆರೆಸಿ ಸೇರಿಸಬೇಡಿ). 2021ರ ಡಿಸೆಂಬರಿನಲ್ಲಿ ಲಾಗ್4ಜೆ ತೂತು ಸಿಕ್ಕಾಗ ಶೇಡ್ ಮಾಡಿದ ಜಾರ್‌ಗಳಲ್ಲಿ ಅದನ್ನು ಹುಡುಕುವುದೇ ದೊಡ್ಡ ಕೆಲಸವಾಗಿತ್ತು. ಗೋ ಭಾಷೆಯಲ್ಲಿ ಬರೀ ಬೈನರಿ ಹಂಚುವ ಸೌಲಭ್ಯ 1.12ಕ್ಕೆ ಕೊನೆಯಾಯಿತು. ರಸ್ಟ್‌ನ ಕ್ರೇಟ್ಸ್ ಸೋರ್ಸ್ ಹಂಚುವ ಜಾಗ. ಈ ಎರಡಕ್ಕೂ ಸಿ ಇಂಟರ್‌ಫೇಸ್‌ನ ಶೇರ್ಡ್ ಲೈಬ್ರರಿ ಕೊಟ್ಟು, ಮೇಲೆ ತೆಳುವಾದ ಓಪನ್ ಸೋರ್ಸ್ ಹೊದಿಕೆ ಬರೆಯುವುದೇ ದಾರಿ.

ಎರಡು ಕಡೆ ಹಂಚಬೇಕಾದಾಗ

ಒಂದೇ ಮ್ಯಾನೇಜರ್ ಎಲ್ಲ ಗಿರಾಕಿಗಳಿಗೆ ಸಾಕಾಗುವುದು ಅಪರೂಪ. ಹಾಗಂತ ಪ್ರತಿಯೊಂದಕ್ಕೂ ಬೇರೆ ಬಿಲ್ಡ್ ಸ್ಕ್ರಿಪ್ಟ್ ಬರೆಯಲು ಹೋಗಬೇಡಿ. ಒಳಗೆ ಕೋನನ್ ಇಟ್ಟುಕೊಂಡು ಬಿಲ್ಡ್ ಮಾಡಿ. ಅದೇ ರೆಸಿಪಿಯಿಂದ ಡೆಬ್, ಆರ್‌ಪಿಎಂ, ನ್ಯೂಗೆಟ್, ವೀಲ್ ತಯಾರಿಸಿ. ಡೆಬ್‌ಗೆ ಓಪನ್‌ಎಸ್‌ಎಸ್‌ಎಲ್ ಹೊರಗೆ, ವೀಲ್‌ಗೆ ಒಳಗೆ ಎಂಬುದು ರೆಸಿಪಿಯಲ್ಲಿ ಒಂದು ಆಪ್ಷನ್ ಆಗಿರಲಿ. ಜಿಪ್ ಬೇಕೇ ಬೇಕು ಎನ್ನುವ ಹಳೆಯ ಗಿರಾಕಿಗೂ ಅಲ್ಲಿಂದಲೇ ಜಿಪ್ ತೆಗೆಯಿರಿ, ಕೈಯಿಂದ ಮಾಡಬೇಡಿ.

ಆವೃತ್ತಿಗಳನ್ನು ಲಾಕ್‌ಫೈಲಿನಲ್ಲಿ ಬಿಗಿ ಮಾಡಿ. ಬಂದ ಹೊಸದನ್ನೆಲ್ಲ ಅವತ್ತೇ ಎಳೆದುಕೊಳ್ಳುವುದೂ ಅಪಾಯವೇ. 2024ರ ಮಾರ್ಚಿನಲ್ಲಿ ಕಂಪ್ರೆಶನ್ ಉಪಕರಣ ಎಕ್ಸ್‌ಜೆಡ್‌ನ 5.6.0 ಮತ್ತು 5.6.1ರಲ್ಲಿ ಕಳ್ಳದಾರಿ ಇರುವುದು ಬಯಲಾದಾಗ, ಡೆಬಿಯನ್‌ನ ಸ್ಥಿರ ಆವೃತ್ತಿ ಹಳೆಯ ಎಕ್ಸ್‌ಜೆಡ್‌ನಲ್ಲೇ ಇದ್ದುದರಿಂದ ಅದಕ್ಕೆ ಏನೂ ಆಗಲಿಲ್ಲ. ಸೆಕ್ಯುರಿಟಿ ತಿದ್ದುಪಡಿ ಇದ್ದರೆ ಕೂಡಲೇ, ಉಳಿದದ್ದು ಪರೀಕ್ಷೆ ಮಾಡಿ ನಿಧಾನವಾಗಿ.

ಬಿಡುಗಡೆಗೆ ಮುಂಚೆ ಏನೂ ಇಲ್ಲದ ಖಾಲಿ ಕಂಟೇನರಿನಲ್ಲಿ, ಗಿರಾಕಿಯ ಹಾಗೇ ಇನ್‌ಸ್ಟಾಲ್ ಮಾಡಿ ಒಂದು ಸಣ್ಣ ಪ್ರೋಗ್ರಾಮ್ ಲಿಂಕ್ ಮಾಡಿ ಓಡಿಸಿ. ನಿಮ್ಮ ಲೈಬ್ರರಿ ಹೊರಗೆ ತೋರಿಸುವ ಸಿಂಬಲ್‌ಗಳ ಪಟ್ಟಿಯನ್ನು ಎನ್‌ಎಂ ಕಮಾಂಡ್‌ನಿಂದ ತೆಗೆದು ಹಿಂದಿನ ಬಿಡುಗಡೆಯ ಪಟ್ಟಿಗೆ ಹೋಲಿಸಿ. ಅದರಲ್ಲಿ ಬೂಸ್ಟ್ ಅಥವಾ ಪ್ರೋಟೊಬಫ್ ಹೆಸರು ಒಂದೇ ಒಂದು ಕಂಡರೂ ಆ ಬಿಡುಗಡೆ ನಿಲ್ಲಿಸಿ.